ಸಹಪಾಠಿಗಳ ಸುದ್ದಿಯಲ್ಲಿ ಖರ್ಚಿನ ಬದಿ ಎಲ್ಲಿ?

ವ್ಯವಹಾರ ಆಡಳಿತದ ಸ್ನಾತಕೋತ್ತರ ಪದವಿ ಪಡೆದ ನಮ್ಮ ತಂಡಕ್ಕೆ 2019ರಲ್ಲಿ 25 ವರ್ಷ ತುಂಬಿದವು. ಆ ನಿಮಿತ್ತ ಹಳೆಯ ಗೆಳೆಯರೆಲ್ಲ ಸೇರಿ ಒಂದು ಪುಟ್ಟ ಸ್ಮರಣ ಸಂಚಿಕೆಯನ್ನು ಹೊರತಂದೆವು. ಪ್ರತಿಯೊಬ್ಬರಿಗೂ ಅರ್ಧ ಪುಟ. ಉದ್ಯೋಗ, ಕುಟುಂಬ, ಸಾಧನೆ ಎಂಬ ಮೂರು ಶೀರ್ಷಿಕೆಗಳು. ಸಂಚಿಕೆಯನ್ನು ತಿರುವಿ ಹಾಕಿದರೆ ಎಲ್ಲೆಡೆ ಏಳಿಗೆಯೇ ಕಾಣುತ್ತಿತ್ತು. ಒಬ್ಬರು ಬ್ಯಾಂಕಿನ ಮಹಾಪ್ರಬಂಧಕರು, ಮತ್ತೊಬ್ಬರು ಬಹುರಾಷ್ಟ್ರೀಯ ಕಂಪನಿಯ ಉಪಾಧ್ಯಕ್ಷರು, ಮಗದೊಬ್ಬರ ಮಕ್ಕಳಿಬ್ಬರೂ ಅಮೆರಿಕದಲ್ಲಿ. ತಂದೆಯವರ ಅಂಗಡಿಯನ್ನೋ ಘಟಕವನ್ನೋ ಮುಂದುವರಿಸಿದ ನನ್ನಂತಹ ನಾಲ್ಕಾರು ಜನರ ಅರ್ಧ ಪುಟಗಳು ಮಾತ್ರ ಎರಡು ಮೂರು ಸಾಲುಗಳಲ್ಲೇ ಮುಗಿದಿದ್ದವು. ನಾನು ಬರೆದುಕೊಟ್ಟದ್ದು ಇಷ್ಟು: 'ಸ್ವಂತ ಯಂತ್ರಭಾಗಗಳ ಘಟಕ. 2016ರಲ್ಲಿ ವಿಸ್ತರಣೆ. ಪತ್ನಿ ಗೃಹಿಣಿ. ಒಬ್ಬಳೇ ಮಗಳು.'

ಇದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇಲ್ಲ. ಆದರೆ ಲೆಕ್ಕಪತ್ರ ಬಲ್ಲ ಯಾರೂ ಇದನ್ನು ಪೂರ್ಣ ಅಢಾವೆ ಪತ್ರಿಕೆಯೆಂದು ಒಪ್ಪಲಾರರು. 2016ರ ಆ ವಿಸ್ತರಣೆಯನ್ನು ನಾನು ಒಬ್ಬನೇ ಒಬ್ಬ ದೊಡ್ಡ ಖರೀದಿದಾರನ ಮಾತನ್ನು ನಂಬಿ ಮಾಡಿದ್ದೆ. ಸಾಲ ಮಾಡಿ ಯಂತ್ರ ತಂದ ಎರಡನೆಯ ವರ್ಷ ಆತ ತನ್ನ ವಿನ್ಯಾಸವನ್ನು ಬದಲಿಸಿದ. ಬೇಡಿಕೆ ನಿಂತಿತು, ಹಳೆಯ ಬಾಕಿ ಏಳು ತಿಂಗಳು ಎಳೆಯಿತು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆಯು ಹಣ ಪಾವತಿಗೆ 45 ದಿನಗಳ ಗರಿಷ್ಠ ಮಿತಿಯನ್ನು ವಿಧಿಸಿದೆ ಎಂಬುದು ನನಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಆದರೆ ಇರುವವನೊಬ್ಬನೇ ಗಿರಾಕಿಯಾದಾಗ ಕಾಯಿದೆಯ ಹೆಸರೆತ್ತುವ ಧೈರ್ಯ ಎಲ್ಲಿಂದ ಬರಬೇಕು? ತಂದೆಯವರು ಬಿಟ್ಟುಹೋದ ನಿವೇಶನವನ್ನು ಮಾರಿ ಸಾಲ ತೀರಿಸಿದೆ. ಸಂಚಿಕೆಯಲ್ಲಿ ಉಳಿದದ್ದು 'ವಿಸ್ತರಣೆ' ಎಂಬ ಒಂದು ಪದ ಮಾತ್ರ.

ನನ್ನಂತೆಯೇ ಚಿಕ್ಕ ಘಟಕ ನಡೆಸುತ್ತಿದ್ದ ಗೆಳೆಯರೊಬ್ಬರು ಆ ಪದವನ್ನು ಓದಿದರು. ಅದೇ ವರ್ಷ ಅವರೂ ಒಬ್ಬ ಖರೀದಿದಾರನನ್ನು ನಂಬಿ ಸಾಲ ಮಾಡಿ ಘಟಕ ವಿಸ್ತರಿಸಿದರು. 2021ರಲ್ಲಿ ಅವರ ಯಂತ್ರಗಳು ಹರಾಜಾದವು. ಮುಂದೆ ಒಂದು ಮದುವೆಯಲ್ಲಿ ಭೇಟಿಯಾದಾಗ ಅವರು ಯಾವ ಕಹಿಯೂ ಇಲ್ಲದೆ ಹೇಳಿದರು: "ನೀನು ಮಾಡಿದ್ದನ್ನು ಓದಿ ನನಗೂ ಧೈರ್ಯ ಬಂದಿತ್ತು." ಅಂದು ಊಟದ ಪಂಕ್ತಿಯಲ್ಲಿ ನನಗೆ ತುತ್ತು ಇಳಿಯಲಿಲ್ಲ. ಅವರ ನಷ್ಟಕ್ಕೆ ಅದೇ ವೇಳೆಗೆ ಬಂದೆರಗಿದ ಸಾಂಕ್ರಾಮಿಕವೂ ಕಾರಣವಿದ್ದೀತು. ಆದರೂ ನಾನು ಇನ್ನೆರಡು ಸಾಲು ಬರೆದಿದ್ದರೆ ಅವರು ಒಮ್ಮೆಯಾದರೂ ನನಗೆ ದೂರವಾಣಿ ಮಾಡಿ ವಿಚಾರಿಸುತ್ತಿದ್ದರೆಂಬುದು ನಿಜ. ಈ ಲೇಖನವನ್ನು ಬರೆಯಲು ಪ್ರೇರಣೆ ಅದೇ.

ಹಾರ್ವರ್ಡಿನ ತರಗತಿಗಳು ಕಲಿಸುವ ಪಾಠ

ಸಹಪಾಠಿಗಳ ಸುದ್ದಿಯನ್ನು ವ್ಯವಸ್ಥಿತವಾಗಿ ಕಲೆಹಾಕುವುದರಲ್ಲಿ 1908ರಲ್ಲಿ ಸ್ಥಾಪನೆಗೊಂಡ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮುಂಚೂಣಿಯಲ್ಲಿದೆ. ಅಲ್ಲಿಯ ಹಳೆಯ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ತರಗತಿವಾರು ಸುದ್ದಿ ಪ್ರಕಟವಾಗುತ್ತದೆ. ಐದು ವರ್ಷಗಳಿಗೊಮ್ಮೆ ಪುನರ್ಮಿಲನ ನಡೆಯುತ್ತದೆ. 1949ರಲ್ಲಿ ಪದವಿ ಪಡೆದ ತಂಡವನ್ನು ಕುರಿತು ಫಾರ್ಚ್ಯೂನ್ ಪತ್ರಿಕೆಯು 1974ರಲ್ಲಿ ಲೇಖನವನ್ನೇ ಪ್ರಕಟಿಸಿ, ಡಾಲರುಗಳ ಮಳೆಗರೆಸಿಕೊಂಡ ತರಗತಿ ಎಂಬ ಅರ್ಥದ ಹೆಸರನ್ನಿತ್ತಿತು. ಝೆರಾಕ್ಸ್, ಜಾನ್ಸನ್ ಅಂಡ್ ಜಾನ್ಸನ್ ಮುಂತಾದ ದೊಡ್ಡ ಸಂಸ್ಥೆಗಳ ಮುಖ್ಯಸ್ಥರು ಆ ಒಂದೇ ತಂಡದಿಂದ ಬಂದರು. ಇದು ಜಮಾ ಬದಿಯ ಸುದ್ದಿ.

ಖರ್ಚಿನ ಬದಿಯನ್ನು ತೆರೆದು ತೋರಿಸಿದವರು ಅದೇ ಶಾಲೆಯ 1979ರ ತಂಡದ ಕ್ಲೇಟನ್ ಕ್ರಿಸ್ಟೆನ್ಸನ್. ಇವರು 1984ರಲ್ಲಿ ಸೆರಾಮಿಕ್ಸ್ ಕಂಪನಿಯೊಂದರ ಸ್ಥಾಪನೆಯಲ್ಲಿ ಪಾಲುಗೊಂಡು ಕಾರ್ಖಾನೆಯ ಕಷ್ಟಸುಖಗಳನ್ನು ಕಂಡ ಮೇಲೆ ಪ್ರಾಧ್ಯಾಪಕರಾದವರು; 2020ರಲ್ಲಿ ನಿಧನರಾದರು. 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ಬರೆದ ಲೇಖನದಲ್ಲಿ ಅವರು ತಮ್ಮ ಪುನರ್ಮಿಲನಗಳ ಅನುಭವವನ್ನು ದಾಖಲಿಸಿದ್ದಾರೆ. ವರ್ಷಗಳು ಉರುಳಿದಂತೆ ಅಸಂತುಷ್ಟರಾಗಿ, ವಿಚ್ಛೇದಿತರಾಗಿ, ಮಕ್ಕಳಿಂದ ದೂರವಾಗಿ ಬರುವ ಸಹಪಾಠಿಗಳ ಸಂಖ್ಯೆ ಹೆಚ್ಚುತ್ತಲೇ ಹೋಯಿತು. ಹೀಗಾಗಬೇಕೆಂದು ಯೋಜನೆ ಹಾಕಿಕೊಂಡು ಪದವಿ ಪಡೆದವರು ಅವರಲ್ಲಿ ಯಾರೂ ಇರಲಿಲ್ಲ. ಇದಕ್ಕೆ ಅವರು ಕೊಡುವ ಕಾರಣ ವ್ಯಾಪಾರಿಗೆ ಸುಲಭವಾಗಿ ಅರ್ಥವಾಗುವಂಥದು. ದುಡಿಮೆಯಲ್ಲಿ ಹೂಡಿದ ಒಂದು ಗಂಟೆಗೆ ಅಂದೇ ಪ್ರತಿಫಲ ಕಾಣುತ್ತದೆ: ಮಾಲು ಸಾಗಿತು, ಹಣ ಬಂದಿತು. ಮಕ್ಕಳಿಗಾಗಿ ಹೂಡಿದ ಗಂಟೆಯ ಫಲ ಕಾಣಲು 20 ವರ್ಷ ಬೇಕು. ಆದ್ದರಿಂದ ಕೈಯಲ್ಲಿರುವ ವೇಳೆಯೆಲ್ಲ ತಾನಾಗಿ ಬೇಗ ಫಲ ಕೊಡುವ ಕಡೆಗೇ ಹರಿಯುತ್ತದೆ.

ಇದೇ 1979ರ ತಂಡದ ಮತ್ತೊಬ್ಬ ಸಹಪಾಠಿ ಎನ್ರಾನ್ ಕಂಪನಿಯ ಜೆಫ್ರಿ ಸ್ಕಿಲ್ಲಿಂಗ್. ಮಹಾರಾಷ್ಟ್ರದ ದಾಭೋಳ ವಿದ್ಯುತ್ ಯೋಜನೆಯಿಂದಾಗಿ ಎನ್ರಾನ್ ಹೆಸರು ನಮ್ಮ ಹಿರಿಯ ಸದಸ್ಯರಿಗೆ ಹೊಸದಲ್ಲ. ನಷ್ಟವನ್ನು ಲೆಕ್ಕದಿಂದ ಮರೆಮಾಚಿದ ಆ ಕಂಪನಿಯು 2001ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಸ್ಕಿಲ್ಲಿಂಗ್ 2006ರಲ್ಲಿ ಶಿಕ್ಷೆಗೊಳಗಾಗಿ 2019ರಲ್ಲಿ ಬಿಡುಗಡೆ ಹೊಂದಿದರು. ಇದಕ್ಕೆ ಪ್ರತಿಯಾಗಿ 1949ರ ತಂಡದ ಜೇಮ್ಸ್ ಬರ್ಕ್ ಅವರನ್ನು ನೋಡಬಹುದು. ಅವರು ಜಾನ್ಸನ್ ಅಂಡ್ ಜಾನ್ಸನ್ ಮುಖ್ಯಸ್ಥರಾಗಿದ್ದಾಗ, 1982ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿದ ಟೈಲೆನಾಲ್ ಗುಳಿಗೆಗಳಿಂದ ಶಿಕಾಗೋ ಪ್ರದೇಶದಲ್ಲಿ ಏಳು ಜನ ಅಸುನೀಗಿದರು. ಕಂಪನಿಯು ವಿಷಯವನ್ನು ಬಹಿರಂಗವಾಗಿ ಸಾರಿ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಿತು. ಕೋಟ್ಯಂತರ ಡಾಲರ್ ಖರ್ಚಾಯಿತಾದರೂ ಗಿರಾಕಿಗಳ ವಿಶ್ವಾಸ ಮರಳಿ ಬಂದಿತು.

ಸೋತವರ ಮಾತಿನ ಬೆಲೆ

ವಿಫಲತೆಯ ಸುದ್ದಿಯಿಂದ ಇತರರಿಗೆ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ಇದಕ್ಕೂ ಅದೇ ಹಾರ್ವರ್ಡಿನಿಂದ ಉತ್ತರ ದೊರೆತಿದೆ. ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಸುಮಾರು 90 ಜನರ ವಿಭಾಗಗಳಾಗಿ ಹಂಚಿ, ಎಲ್ಲ ಪಾಠಗಳನ್ನೂ ಒಟ್ಟಿಗೆ ಕಲಿಸುತ್ತಾರೆ. ಜೋಶ್ ಲರ್ನರ್ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಸಂಶೋಧಕರು ಈ ವಿಭಾಗಗಳನ್ನು ಹೋಲಿಸಿ 2013ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಹಿಂದೆ ಸ್ವಂತ ಉದ್ದಿಮೆ ನಡೆಸಿದ ಅನುಭವಸ್ಥರು ಹೆಚ್ಚಾಗಿದ್ದ ವಿಭಾಗಗಳಿಂದ ಹೊಸ ಉದ್ದಿಮೆಗಳು ಹೆಚ್ಚು ಹುಟ್ಟಿರಬೇಕೆಂದು ನಾವು ಊಹಿಸುತ್ತೇವೆ. ಫಲಿತಾಂಶ ಹಾಗಿರಲಿಲ್ಲ, ಅಂತಹ ವಿಭಾಗಗಳಲ್ಲಿ ಉದ್ದಿಮೆ ಆರಂಭಿಸಿದವರು ಕಡಿಮೆಯಾಗಿದ್ದರು. ಹೀಗೆ ಕಡಿಮೆಯಾದವುಗಳಲ್ಲಿ ಹೆಚ್ಚಿನವು ಸೋಲುವಂತಹ ಉದ್ದಿಮೆಗಳೇ ಆಗಿದ್ದವು. ಕಷ್ಟ ಉಂಡವರು ಪಕ್ಕದ ಆಸನದಲ್ಲಿದ್ದುದರಿಂದ ಉಳಿದವರು ದುರ್ಬಲ ಯೋಜನೆಗಳನ್ನು ಮೊದಲೇ ಕೈಬಿಟ್ಟರೆಂದು ಸಂಶೋಧಕರು ಇದನ್ನು ಅರ್ಥೈಸುತ್ತಾರೆ. ಸಹಪಾಠಿಯ ಪ್ರಾಮಾಣಿಕ ಮಾತು ಬಂಡವಾಳವನ್ನು ಉಳಿಸಿಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನು, ನಮ್ಮ ಅರ್ಧ ಪುಟಗಳು ಎರಡು ಸಾಲಿಗೇ ಮುಗಿದುದರ ಹಿಂದೆ ಒಂದು ಬಗೆಯ ಕೀಳರಿಮೆಯೂ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಅದಕ್ಕೆ ಆಧಾರವಿಲ್ಲ. ಜಾನ್ ಕಾಟರ್ ಎಂಬ ಪ್ರಾಧ್ಯಾಪಕರು 1974ರ ಹಾರ್ವರ್ಡ್ ತಂಡದ 115 ಜನರನ್ನು ಸುಮಾರು 20 ವರ್ಷಗಳ ಕಾಲ ಹಿಂಬಾಲಿಸಿ 1995ರಲ್ಲಿ ಪುಸ್ತಕ ಬರೆದರು. ದೊಡ್ಡ ಕಂಪನಿಯ ಏಣಿಯನ್ನು ಹತ್ತುತ್ತ ಕುಳಿತವರಿಗಿಂತ ಚಿಕ್ಕ ಉದ್ದಿಮೆಗಳತ್ತ ಸರಿದವರು ಒಟ್ಟಾರೆ ಹೆಚ್ಚು ಏಳಿಗೆ ಕಂಡರೆಂಬುದು ಅವರ ನಿರ್ಣಯಗಳಲ್ಲೊಂದು.

'ಪತ್ನಿ ಗೃಹಿಣಿ'

ಕುಟುಂಬದ ಕಲಮಿನಲ್ಲಿಯೂ ಇದೇ ಲೋಪವನ್ನು ನಾವು ಮಾಡುತ್ತೇವೆ. ನನ್ನ ಪತ್ನಿಯನ್ನು ಗೃಹಿಣಿ ಎಂದು ಬರೆದೆನಷ್ಟೆ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಂದಿನಿಂದ ಘಟಕದ ಪ್ರತಿ ತಿಂಗಳ ವಿವರಪಟ್ಟಿಯನ್ನು ಸಿದ್ಧಪಡಿಸುತ್ತಿರುವವರು ಅವರೇ. ಕೆಲಸಗಾರರ ಹಾಜರಿ, ಉದ್ದರಿ ವಸೂಲಿಯ ನೆನಪು ಎಲ್ಲವೂ ಅವರ ಬಳಿ ಇದೆ. ಸಂಬಳವಿಲ್ಲದ ಈ ದುಡಿಮೆ ನಮ್ಮ ಎಷ್ಟು ಘಟಕಗಳ ಆಧಾರಸ್ತಂಭವಾಗಿದೆ ಎಂಬುದನ್ನು ಸದಸ್ಯರು ತಮ್ಮ ತಮ್ಮ ಮನೆಯಲ್ಲೇ ಎಣಿಸಿ ನೋಡಬಹುದು. ಹಾರ್ವರ್ಡಿನ 25,000ಕ್ಕೂ ಹೆಚ್ಚು ಪದವೀಧರರ ಸಮೀಕ್ಷೆಯನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು, ಅಲ್ಲಿಯ ಪದವೀಧರ ಮಹಿಳೆಯರು ಮಕ್ಕಳಿಗಾಗಿ ಕೆಲಸ ಬಿಡುತ್ತಾರೆಂಬ ನಂಬಿಕೆ ಬಹುಮಟ್ಟಿಗೆ ತಪ್ಪೆಂದು ತೋರಿಸಿತು. ದಾಂಪತ್ಯದಲ್ಲಿ ಇಬ್ಬರ ವೃತ್ತಿಗೂ ಸಮಾನ ಸ್ಥಾನ ದೊರೆಯುವುದೆಂದು ಹೆಚ್ಚಿನ ಮಹಿಳೆಯರು ನಿರೀಕ್ಷಿಸಿದ್ದರೂ ಅನೇಕರಿಗೆ ಅದು ದೊರೆಯಲಿಲ್ಲ ಎಂಬುದೂ ಅದರಿಂದ ತಿಳಿದುಬಂದಿತು. ದೇಶ ಬೇರೆ, ವರ್ಗ ಬೇರೆ. ಆದರೆ ಬರೆಯದೆ ಬಿಟ್ಟ ಸಾಲು ಒಂದೇ.

'ಒಬ್ಬಳೇ ಮಗಳು' ಎಂದು ಬರೆದಾಗಲೂ ಘಟಕಕ್ಕೆ ಮುಂದೆ ಯಾರು ಎಂಬ ಪ್ರಶ್ನೆಗೆ ಉತ್ತರ ಇಲ್ಲವೆಂಬ ಧ್ವನಿ ಅದರಲ್ಲಿತ್ತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳನ್ನು ಸಮಾನ ಪಾಲುದಾರರನ್ನಾಗಿ ಮಾಡಲು ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದಿತ್ತು. 2005ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ತಿದ್ದುಪಡಿ ಬಂದಿತು. ಕಾಯಿದೆ ಆಸ್ತಿಯ ಪಾಲು ಕೊಟ್ಟಿತು. ಕಾರ್ಖಾನೆಯ ಬೀಗದ ಕೈಯನ್ನು ಮಗಳ ಕೈಗೆ ಕೊಡಬಹುದೆಂಬ ಯೋಚನೆ ನಮಗೆ ಬರಲಿಲ್ಲ. ಘಟಕವನ್ನು ನೋಡಿಕೊಳ್ಳುವೆಯಾ ಎಂದು ನಾನು ಮಗಳನ್ನು ಕೇಳಿದ್ದು 2022ರಲ್ಲಿ. ಅಷ್ಟರಲ್ಲಿ ಅವಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷಗಳಾಗಿದ್ದವು. "ಮೊದಲೇ ಕೇಳಬಹುದಿತ್ತಲ್ಲ, ಅಪ್ಪ" ಎಂದಳು. ಆ ಮಾತಿಗೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ.

ಪತ್ತಿನ ಪ್ರಶ್ನೆ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ಸಂಬಳದಾರರು ತಮ್ಮ ಸೋಲನ್ನು ಹೇಳಿಕೊಂಡರೆ ಸಹಾನುಭೂತಿ ದೊರೆತೀತು. ವ್ಯಾಪಾರಿ ಹೇಳಿಕೊಂಡರೆ ಮರುದಿನವೇ ಸಾಲಗಾರರು ಬಾಗಿಲಿಗೆ ಬರುತ್ತಾರೆ. ಮಾಲು ಕೊಡುವವನು ರೋಖು ಕೇಳುತ್ತಾನೆ, ಬ್ಯಾಂಕು ಕಡತವನ್ನು ಮತ್ತೆ ತೆರೆಯುತ್ತದೆ, ಮಗಳ ಸಂಬಂಧ ನೋಡಲು ಬಂದವರೂ ಹಿಂಜರಿಯುತ್ತಾರೆ. ಪತ್ತು ಎಂಬುದು ನಮ್ಮ ಮೊದಲ ಬಂಡವಾಳ. ಅದನ್ನು ಸಂಚಿಕೆಯಲ್ಲಿ ಅಚ್ಚು ಹಾಕಿ ಕಳೆದುಕೊಳ್ಳಿರೆಂದು ಯಾರೂ ಸಲಹೆ ಕೊಡಲಾರರು. ನಾನೂ ಕೊಡುವುದಿಲ್ಲ. ಹಾರ್ವರ್ಡಿನ ಆ ವಿಭಾಗಗಳೂ ಸಂತೆಯಾಗಿರಲಿಲ್ಲ. ಪರಸ್ಪರ ಬಲ್ಲ, ದಿನವೂ ಮುಖ ನೋಡುವ ಜನರ ನಡುವೆ ಆ ಮಾತುಕತೆ ನಡೆಯಿತು. ನಮಗೂ ಬೇಕಾಗಿರುವುದು ಅಂತಹ ನಾಲ್ಕು ಗೋಡೆಗಳ ನಡುವಿನ ಕೂಟ.

2024ರಲ್ಲಿ ನಮ್ಮ ತಂಡಕ್ಕೆ 30 ವರ್ಷ ತುಂಬಿದಾಗ ಸಂಚಿಕೆಯನ್ನು ತರಲಿಲ್ಲ. ಸ್ವಂತ ವ್ಯವಹಾರದಲ್ಲಿರುವ ಹನ್ನೊಂದು ಜನ ಒಂದು ಭಾನುವಾರ ಬಾಗಿಲು ಹಾಕಿಕೊಂಡು ಕುಳಿತೆವು. ಮೊಬೈಲುಗಳು ಹೊರಗೆ, ಗಿರಾಕಿಯ ಹೆಸರು ಹೇಳುವಂತಿಲ್ಲ, ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಪ್ರತಿಯೊಬ್ಬರೂ ಮೂರು ಸಂಗತಿಗಳನ್ನು ಹೇಳಬೇಕು: ಆದ ಒಂದು ದೊಡ್ಡ ನಷ್ಟ ಮತ್ತು ಅದರ ಕಾರಣ, ಈಗ ಕಾಡುತ್ತಿರುವ ಒಂದು ಚಿಂತೆ, ತಮ್ಮ ನಂತರ ವ್ಯವಹಾರವನ್ನು ಯಾರು ನಡೆಸುವರೆಂಬುದು. ಮೊದಲ ಸರದಿ ನನ್ನದಾಗಿತ್ತು. ನಿವೇಶನ ಮಾರಿದ ಕಥೆಯನ್ನು ಅಂದು ಮೊದಲ ಬಾರಿಗೆ ಹೇಳಿದೆ. ಘಟಕ ಕಳೆದುಕೊಂಡ ಗೆಳೆಯರೂ ಎದುರಿಗೆ ಕುಳಿತಿದ್ದರು.

ಅಂದು ಇನ್ನೊಬ್ಬರು ತಾವು ಹೊಸ ಸಾಲಕ್ಕಾಗಿ ತಂದೆಯ ಮನೆಯನ್ನು ಒತ್ತೆಯಿಡಲು ಹೊರಟಿರುವುದಾಗಿ ತಿಳಿಸಿದರು. ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ 2000ದಲ್ಲಿ ಸ್ಥಾಪಿಸಿದ ಸಾಲ ಖಾತರಿ ನಿಧಿಯ ಮೂಲಕ ಅರ್ಹ ಸಣ್ಣ ಘಟಕಗಳು ಒತ್ತೆಯಿಲ್ಲದೆ ಬ್ಯಾಂಕ್ ಸಾಲ ಪಡೆಯಲು ಅವಕಾಶವಿದೆಯೆಂದು ಪಕ್ಕದಲ್ಲಿದ್ದವರು ವಿವರಿಸಿದರು. ಇದು ಗುಟ್ಟಿನ ವಿಷಯವೇನೂ ಅಲ್ಲ. ಆದರೆ ಚಿಂತೆಯನ್ನು ಬಾಯಿಬಿಟ್ಟು ಹೇಳದಿದ್ದರೆ ಉತ್ತರ ಬಲ್ಲವನು ಪಕ್ಕದಲ್ಲಿದ್ದೂ ಪ್ರಯೋಜನವಾಗದು.

ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯ ಸದಸ್ಯರಲ್ಲಿ ಬಹುತೇಕರು ಯಾವ ಬಿಸಿನೆಸ್ ಸ್ಕೂಲಿಗೂ ಹೋದವರಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೇ ಕಲಿತವರು. ಅವರಿಗೆ ಸಹಪಾಠಿಗಳಿಲ್ಲವೆಂದೇನೂ ಅಲ್ಲ. ಒಂದೇ ಪೇಟೆಯಲ್ಲಿ, ಒಂದೇ ಕೈಗಾರಿಕಾ ವಸಾಹತಿನಲ್ಲಿ, ಒಂದೇ ಕಾಲಕ್ಕೆ ವ್ಯವಹಾರ ಆರಂಭಿಸಿದವರೆಲ್ಲರೂ ಒಂದೇ ತರಗತಿಯವರು. ಪರಸ್ಪರ ಪೈಪೋಟಿಯಿಲ್ಲದ ಬೇರೆ ಬೇರೆ ಕಸುಬಿನ ಹತ್ತು ಹನ್ನೆರಡು ಸದಸ್ಯರ ಇಂತಹ ಕೂಟಗಳನ್ನು ಸಂಸ್ಥೆಯು ವರ್ಷಕ್ಕೆರಡು ಬಾರಿ ಏರ್ಪಡಿಸಬೇಕೆಂದು ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಇದಕ್ಕೆ ಅನುದಾನ ಬೇಕಿಲ್ಲ. ಒಂದು ಕೋಣೆ ಮತ್ತು ಚಹಾ ಸಾಕು. ಸಂಗಾತಿಯನ್ನೂ, ವ್ಯವಹಾರಕ್ಕೆ ಬರಬಹುದಾದ ಮಗ ಅಥವಾ ಮಗಳನ್ನೂ ಒಂದು ಕೂಟಕ್ಕಾದರೂ ಕರೆತರುವ ನಿಯಮವಿರಲಿ.

ದೀಪಾವಳಿಯಂದು ನಾವು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುತ್ತೇವೆ. ಆ ಪುಸ್ತಕದಲ್ಲಿ ಜಮಾ ಒಂದನ್ನೇ ಬರೆದು ಖರ್ಚನ್ನು ಬಿಟ್ಟರೆ ಗುಮಾಸ್ತನನ್ನು ಅಂದೇ ಮನೆಗೆ ಕಳಿಸುತ್ತೇವೆ. ಗೆಳೆಯರಿಗೆ ನಮ್ಮ ಸುದ್ದಿಯನ್ನು ತಿಳಿಸುವಾಗಲೂ ಅದೇ ನಿಯಮವನ್ನು ಪಾಲಿಸೋಣ. ನನ್ನ ಅರ್ಧ ಪುಟವನ್ನು ನಾನು ಈ ಲೇಖನದಲ್ಲಿ ತಿದ್ದಿ ಬರೆದಿದ್ದೇನೆ. ಗೆಳೆಯರ ಹರಾಜಾದ ಯಂತ್ರಗಳು ಇದರಿಂದ ಮರಳಿ ಬರುವುದಿಲ್ಲ; ಮುಂದಿನವರೊಬ್ಬರು ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಒಮ್ಮೆ ದೂರವಾಣಿ ಮಾಡಿದರೆ ಅಷ್ಟೇ ಸಾಕು.