ಒಪ್ಪಿಗೆಯ ಸಹಿಗೆ ಮುಂಚೆ ಲೆಕ್ಕ ಹೇಳಿ

ಜಲನಗರ, ವಿಜಯಪುರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,


ಸ್ತನ ಕ್ಯಾನ್ಸರ್ ಆದ 100 ಹೆಂಗಸರಲ್ಲಿ ಸುಮಾರು 15ರಿಂದ 20 ಮಂದಿಯದು ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ, ಅಂದರೆ ಹರ್-2 ಪಾಸಿಟಿವ್ ಗಡ್ಡೆ. ಆ ಪ್ರೋಟೀನನ್ನೇ ಹಿಡಿದು ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿದೆ. ಅದಕ್ಕೂ ಮುಂಚೆ, 2014ರಲ್ಲಿ, ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರನ್ನು (ಮೂಲ ಔಷಧವನ್ನು ಹೋಲುವ ಜೈವಿಕ ಔಷಧವನ್ನು) ಮಾರುಕಟ್ಟೆಗೆ ತಂದಿತ್ತು. ಔಷಧವೇನೋ ನಮ್ಮ ರಾಜ್ಯದಲ್ಲೇ ಇದೆ. ಅದನ್ನು ತಗೊಳ್ಳಬೇಕೋ ಬೇಡವೋ ಎಂದು ತಿಕೋಟಾದ ದ್ರಾಕ್ಷಿ ತೋಟದ ಕೂಲಿ ಹೆಣ್ಣುಮಗಳು ನಿರ್ಧರಿಸಬೇಕಾದರೆ ಲಾಭ-ನಷ್ಟದ ಲೆಕ್ಕ ಅವಳಿಗೆ ಗೊತ್ತಿರಬೇಕು. ಹರ್-2 ವರದಿ ಬಂದ ದಿನವೇ ಒಂದು ಪುಟದ ಕನ್ನಡ ಹಾಳೆಯನ್ನೂ, ಜೊತೆ ಕೂತು ಅದನ್ನು ಓದಿ ಹೇಳುವ ಒಬ್ಬ ನರ್ಸನ್ನೂ ಸರ್ಕಾರ ಕಡ್ಡಾಯ ಮಾಡಬೇಕೆಂಬುದೇ ಈ ಪತ್ರದ ಬೇಡಿಕೆ.

ಆ ಹಾಳೆಗೆ ಬೇಕಾದ ಪುರಾವೆ ಸಿದ್ಧವಿದೆ. ಆರಂಭಿಕ ಹಂತದ 13,864 ರೋಗಿಗಳ ಏಳು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2021ರ ವಿಶ್ಲೇಷಣೆಯ ಪ್ರಕಾರ, ಕಿಮೊ ಜೊತೆ ಈ ಔಷಧ ಕೊಟ್ಟಾಗ ಹತ್ತು ವರ್ಷದಲ್ಲಿ 100ಕ್ಕೆ 9 ಮಂದಿಯಲ್ಲಿ ಕಾಯಿಲೆ ಮರುಕಳಿಸುವುದು ತಪ್ಪಿತು, 6 ಮಂದಿಯ ಜೀವ ಉಳಿಯಿತು. ದೊಡ್ಡ ಲಾಭವೇ. ಆದರೆ ಆ ಒಂಬತ್ತರಲ್ಲಿ ತಾನಿದ್ದೇನೋ ಇಲ್ಲವೋ ಯಾರಿಗೂ ಮುಂಚೆ ತಿಳಿಯದು. ಕೆಲವರಲ್ಲಿ ಔಷಧ ಹೃದಯದ ಬಲ ಕುಗ್ಗಿಸುವುದರಿಂದ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ಮೂರು ವಾರಕ್ಕೊಂದರಂತೆ ವರ್ಷವಿಡೀ ಇಂಜೆಕ್ಷನ್ ಕೊಡುವುದು ರೂಢಿ. ಆರು ತಿಂಗಳು ಸಾಕೇ ಎಂದು ನೋಡಿದ, 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರ್ಸೆಫೋನ್ ಅಧ್ಯಯನದಲ್ಲಿ ನಾಲ್ಕು ವರ್ಷದ ನಂತರ ಕಾಯಿಲೆಯಿಲ್ಲದೆ ಉಳಿದವರು ವರ್ಷದ ಗುಂಪಿನಲ್ಲಿ ಶೇ 89.8, ಆರು ತಿಂಗಳ ಗುಂಪಿನಲ್ಲಿ ಶೇ 89.4. ಹೃದಯದ ತೊಂದರೆಯಿಂದ ಔಷಧ ನಿಲ್ಲಿಸಿದವರು ಕ್ರಮವಾಗಿ ಶೇ 8 ಮತ್ತು ಶೇ 3. ಫ್ರಾನ್ಸಿನ ಫಾರ್ (PHARE) ಅಧ್ಯಯನ ಮಾತ್ರ ಆರು ತಿಂಗಳು ಸಾಕೆಂದು ಸಾಬೀತು ಮಾಡಲಿಲ್ಲ. ಈ ಭಿನ್ನಾಭಿಪ್ರಾಯವೂ ಹಾಳೆಯಲ್ಲಿರಲಿ.

ಇಷ್ಟೆಲ್ಲ ಹೇಳಿದರೆ ಹೆದರಿ ಬೇಡ ಅಂದಾರು, ಓದುಬರಹ ಬಾರದವರಿಗೆ ಅಂಕಿ ಏನು ತಿಳಿದೀತು ಎಂಬ ಆಕ್ಷೇಪ ಬರುತ್ತದೆ. ಸ್ತ್ರೀಶಕ್ತಿ ಸಂಘದಲ್ಲಿ ನೂರಕ್ಕೆ ಎಷ್ಟು ಬಡ್ಡಿ ಎಂದು ಬಾಯಲ್ಲೇ ಲೆಕ್ಕ ಹಾಕುವವರಿಗೆ ನೂರಕ್ಕೆ ಒಂಬತ್ತು ಅರ್ಥವಾಗದೇ ಇರದು. ಆರು ತಿಂಗಳ ಮಾತೆತ್ತಿದರೆ ಎಲ್ಲರೂ ಅರ್ಧಕ್ಕೇ ಬಿಟ್ಟಾರು ಎಂಬುದು ಇನ್ನೊಂದು ಆತಂಕ. ಬಸ್ ಖರ್ಚಿಗೂ ಕೂಲಿ ನಷ್ಟಕ್ಕೂ ಸೋತು ನಾಲ್ಕನೇ ಡೋಸಿಗೇ ಬಿಡುವುದಕ್ಕಿಂತ, ವೈದ್ಯರೊಂದಿಗೆ ಕೂತು ಮೊದಲೇ ಅವಧಿ ನಿಗದಿ ಮಾಡಿಕೊಳ್ಳುವುದು ಕ್ಷೇಮ. ವೈದ್ಯರಿಗೆ ಪುರಸೊತ್ತಿಲ್ಲ ಎಂಬುದು ನಿಜವಾದ ತೊಡಕು. ಅದಕ್ಕಾಗಿಯೇ ತರಬೇತಿ ಪಡೆದ ನರ್ಸ್ ಬೇಕೆಂದು ಕೇಳುತ್ತಿರುವುದು.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಷ್ಟು ಡೋಸ್ ಸಿಗುತ್ತದೆ, ಎಕೋ ಖರ್ಚು ಯಾರದು, ಬೆಂಗಳೂರಿಗೆ 500 ಕಿಲೋಮೀಟರ್ ಹೋಗದೆ ವಿಜಯಪುರದಲ್ಲೇ ಡೋಸ್ ಹಾಕಿಸಿಕೊಳ್ಳಬಹುದೇ ಎಂಬುದನ್ನೂ ಅದೇ ಹಾಳೆ ಹೇಳಲಿ. ಉತ್ತರ 'ಇಲ್ಲ' ಎಂದಾದರೆ ಅದನ್ನು ಸರಿಪಡಿಸುವ ಹೊಣೆ ತಮ್ಮ ಇಲಾಖೆಯದು. ಬೇಕು ಅನ್ನುವುದೂ ಬೇಡ ಅನ್ನುವುದೂ ಆ ಹೆಣ್ಣುಮಗಳ ಹಕ್ಕು. ತಿಳಿಯದೆ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಕಡತದಲ್ಲಿ ಬರೆದುಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ.

ಇಂತಿ,
ಜಲನಗರದ ಒಬ್ಬ ನಾಗರಿಕ