ಸುಟ್ಟ ಕಾಗದ, ಉಳಿದ ಕಾಗದ

ಗ್ರೀಕ್ ಸ್ವಾತಂತ್ರ್ಯ ಸಮರದ ಬ್ರಿಟಿಷ್ ಸ್ವಯಂಸೇವಕರೆಂದರೆ ಥಟ್ಟನೆ ನೆನಪಾಗುವುದು ಕವಿ ಬೈರನ್. 1824ರ ಏಪ್ರಿಲ್‌ನಲ್ಲಿ ಅವನು ಮಿಸೊಲೊಂಘಿಯಲ್ಲಿ ಜ್ವರದಿಂದ ತೀರಿಕೊಂಡ. ಗ್ರೀಸಿಗೆ ತೆರಳುವ ಮುನ್ನವೇ ಬರೆದಿಟ್ಟಿದ್ದ ಆತ್ಮಕಥನದ ಹಸ್ತಪ್ರತಿ ಮರುತಿಂಗಳೇ ಲಂಡನ್ನಿನಲ್ಲಿ ಪ್ರಕಾಶಕನ ಮನೆಯ ಬೆಂಕಿಗೆ ಆಹುತಿಯಾಯಿತು. ಸುಟ್ಟವರು ಹಗೆಗಳಲ್ಲ, ಅವನ ಕೀರ್ತಿಗೆ ಕಳಂಕ ತಟ್ಟೀತೆಂದು ಅಂಜಿದ ಆಪ್ತರು!

ನೌಕಾಧಿಕಾರಿ ಫ್ರಾಂಕ್ ಆಬ್ನಿ ಹೇಸ್ಟಿಂಗ್ಸ್‌ಗೆ ಅಂಥ ಕೀರ್ತಿಯೇನೂ ಇರಲಿಲ್ಲ. 1826ರಲ್ಲಿ ‘ಕಾರ್ಟೇರಿಯಾ’ ಎಂಬ ಹಬೆಹಡಗನ್ನು ಗ್ರೀಸಿಗೆ ತಂದು, ಸ್ವಂತ ಹಣವನ್ನೂ ಸುರಿದು ಕಾದಾಡಿದ ಆತ 1828ರಲ್ಲಿ ಗಾಯಗೊಂಡು ಅಸುನೀಗಿದ. ಅವನ ಕಾಗದಪತ್ರಗಳನ್ನು ಕಾಪಾಡಿದವನು ಸಹಯೋಧ ಜಾರ್ಜ್ ಫಿನ್ಲೆ. ಫಿನ್ಲೆಯ ಸಂಗ್ರಹದೊಡನೆ ಅವು ಇಂದು ಅಥೆನ್ಸಿನ ಬ್ರಿಟಿಷ್ ಸ್ಕೂಲ್‌ನಲ್ಲಿವೆ.

ಯಾರು ನಿಜವಾದ ಮಿತ್ರರು? ಸತ್ತವನ ಮಾನ ಕಾಯಲು ಬರಹ ಸುಡುವ ಹಕ್ಕು ಗೆಳೆತನಕ್ಕಿಲ್ಲವೆಂದೇ ನಮ್ಮ ಅಭಿಮತ. ಗ್ರೀಸಿನಲ್ಲೇ ನೆಲೆಸಿದ ಫಿನ್ಲೆ, ತಾನು ಹೋರಾಡಿದ ಪಕ್ಷದ ಕುಂದುಗಳಿಗೂ ಮುಸುಕು ಹಾಕಲಿಲ್ಲ. ಸ್ವಾತಂತ್ರ್ಯಕ್ಕೆಂದು 1824–25ರಲ್ಲಿ ಲಂಡನ್ನಿನಲ್ಲಿ ಎತ್ತಿದ ಸಾಲ ಹೇಗೆ ಪೋಲಾಯಿತೆಂಬುದನ್ನು 1861ರ ತನ್ನ ಇತಿಹಾಸಗ್ರಂಥದಲ್ಲಿ ನಿರ್ದಾಕ್ಷಿಣ್ಯವಾಗಿ ಬರೆದ.