ವೈನ್ ದ್ರಾಕ್ಷಿ: ಒಂದೇ ಬಾಗಿಲಿನ ಬೆಳೆ

ಸಾಂಗಲಿ, ಮಿರಜ, ತಾಸಗಾಂವ ಸೀಮೆಯಲ್ಲಿ ದ್ರಾಕ್ಷಿಯೆಂದರೆ ತಿನ್ನುವ ಹಣ್ಣು ಇಲ್ಲವೇ ಒಣದ್ರಾಕ್ಷಿ. ಪೇಟೆಯಲ್ಲಿ ದರ ಕುಸಿದರೆ ರೈತನು ಹಣ್ಣನ್ನು ಒಣಗಿಸಿ, ಶೀತಗೃಹದಲ್ಲಿರಿಸಿ, ಒಳ್ಳೆಯ ದರಕ್ಕಾಗಿ ಕಾಯಬಲ್ಲನು. ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ವೈನ್ ದ್ರಾಕ್ಷಿಗೆ ಈ ಅನುಕೂಲವಿಲ್ಲ. ಕ್ಯಾಬರ್ನೆ ಸೊವಿನ್ಯೋ, ಶಿರಾಜ್ ಮುಂತಾದ ತಳಿಗಳ ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನುವವರು ಅದನ್ನು ಕೊಳ್ಳರು. ಒಣದ್ರಾಕ್ಷಿಗೂ ಅದು ಒಗ್ಗದು. ಅದಕ್ಕಿರುವ ಬಾಗಿಲು ವೈನ್ ಕಾರ್ಖಾನೆಯೊಂದೇ.

ಮಹಾರಾಷ್ಟ್ರ ಸರಕಾರವು 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿಯನ್ನು ಪ್ರಕಟಿಸಿ, ನಾಸಿಕ ಜಿಲ್ಲೆಯ ವಿಂಚೂರಿನಲ್ಲಿಯೂ ಸಾಂಗಲಿ ಜಿಲ್ಲೆಯ ಪಲೂಸದಲ್ಲಿಯೂ ವೈನ್ ಪಾರ್ಕುಗಳಿಗೆ ಎಡೆಮಾಡಿತು. ನಾಸಿಕದಲ್ಲಿ ಉದ್ಯಮವು ಬೇರೂರಿತು. ಪಲೂಸದಲ್ಲಿ ಆ ಪ್ರಮಾಣಕ್ಕೆ ಬೆಳೆಯಲಿಲ್ಲ. ನಾಸಿಕದಲ್ಲಿಯೂ 2008ರ ಆರ್ಥಿಕ ಹಿಂಜರಿತದ ತರುವಾಯ ಮಾರಾಟವಾಗದ ವೈನ್ ಕಾರ್ಖಾನೆಗಳಲ್ಲಿಯೇ ಉಳಿದು ಖರೀದಿ ತಗ್ಗಿತು. ಅನೇಕ ರೈತರು ವೈನ್ ಬಳ್ಳಿಗಳನ್ನು ಕಿತ್ತು ಮರಳಿ ತಿನ್ನುವ ದ್ರಾಕ್ಷಿಗೆ ತಿರುಗಿದರು.

ಮುಂದಿನ ದಿನಗಳ ಚಿತ್ರವೂ ಮಿಶ್ರವಾಗಿದೆ. ಭಾರತದ ನಗರಗಳಲ್ಲಿ ವೈನಿನ ಬೇಡಿಕೆ ಏರುತ್ತಿದ್ದರೂ ಒಟ್ಟು ಮದ್ಯದಲ್ಲಿ ಅದರ ಪಾಲು ಅತ್ಯಲ್ಪ. ಸೂಪರ್ ಮಾರ್ಕೆಟುಗಳಲ್ಲಿ ವೈನ್ ಮಾರಲು ಅನುಮತಿ ನೀಡುವ 2022ರ ಜನವರಿಯ ಸಂಪುಟ ನಿರ್ಣಯಕ್ಕೆ ತೀವ್ರ ವಿರೋಧ ಎದುರಾಯಿತು. ಈ ಬೆಳೆಯ ಭಾಗ್ಯವು ಮಳೆಯಷ್ಟೇ ತೆರಿಗೆ, ಪರವಾನಗಿಗಳನ್ನೂ ಅವಲಂಬಿಸಿದೆ. ಹೊರದೇಶಗಳಲ್ಲಿಯೂ ಕುಡಿಯುವವರು ಕಡಿಮೆಯಾಗುತ್ತಿದ್ದಾರೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಬಳ್ಳಿ ಕೀಳುವವರಿಗೆ ಸರಕಾರವೇ ಹಣ ನೀಡಿದೆ.

ಆದುದರಿಂದ ಬಳ್ಳಿ ನೆಡುವ ಮೊದಲು ಕರಾರು ಆಗಬೇಕು. 1872ರ ಕರಾರು ಕಾಯಿದೆಯಂತೆ ಬಾಯಿಮಾತಿನ ಒಪ್ಪಂದವೂ ಸಿಂಧುವೇ. ಆದರೆ ಮಾತು ತಪ್ಪಿದಾಗ ಅದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸುವುದು ಕಠಿಣ. ತಳಿ, ದರ, ಸಕ್ಕರೆಯ ಅಂಶವನ್ನು ಅಳೆಯುವವರು ಯಾರು, ಕಟಾವಿನ ದಿನವನ್ನು ನಿಶ್ಚಯಿಸುವವರು ಯಾರು, ಸಾಗಾಟದ ವೆಚ್ಚ ಯಾರದು, ಕಾರ್ಖಾನೆ ಮಾಲನ್ನು ನಿರಾಕರಿಸಿದರೆ ಪರಿಹಾರವೇನು ಎಂಬುದೆಲ್ಲ ಬರಹದಲ್ಲಿರಬೇಕು. ಬಳ್ಳಿಯು ಫಲ ಕೊಡಲು ಎರಡು ಮೂರು ವರ್ಷ ಬೇಕು. ಅನಂತರ ಹತ್ತಾರು ವರ್ಷ ನಿಲ್ಲುತ್ತದೆ. ಒಂದೆರಡು ಹಂಗಾಮಿನ ಕರಾರು ಅದಕ್ಕೆ ಸಾಲದು.

ಕರಾರು ಪತ್ರವು ಬಹುಮಟ್ಟಿಗೆ ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತದೆ. ಗಡಿಭಾಗದ ಕನ್ನಡ ಮನೆಗಳಲ್ಲಿ ಹಿರಿಯರು ಅದನ್ನು ತಿಳಿದವರಿಂದ ಸಾಲುಸಾಲಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿಕೊಂಡು, ಪ್ರತಿಯೊಂದನ್ನು ಕೈಯಲ್ಲಿ ಪಡೆದ ಮೇಲೆಯೇ ಸಹಿ ಹಾಕುವುದು ಲೇಸು.